"ರೇಸ್ ರೆಡಿ" ಎಸ್ಟೀಮ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ

ಕಲಬುರಗಿ, ಬೀದರ್ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮತ್ತೆ ಒಂದು ಫೋಟೋ ಓಡಾಡುತ್ತಿದೆ. ಬಿಳಿ ಮಾರುತಿ ಎಸ್ಟೀಮ್, ಬಾನೆಟ್ ಮೇಲೆ ಎರಡು ಕಪ್ಪು ಪಟ್ಟಿ, ಒಳಗೆ ಕೆಂಪು ಬಣ್ಣದ ರೋಲ್ ಕೇಜ್ (ಪಲ್ಟಿಯಾದರೆ ಡ್ರೈವರ್‌ನ ಕಾಯೋ ಪೈಪಿನ ಪಂಜರ), ಒಂದೇ ಸೀಟು. ಕೆಳಗೆ "ರೇಸ್ ರೆಡಿ ಗಾಡಿ, ಕಮ್ಮಿ ಬಜೆಟ್ ಹುಡುಗರಿಗೆ ಛಲೋ ಚಾನ್ಸ್" ಅಂತ ಇದೆ. ಜೊತೆಗಿರೋ ಫೋನ್ ನಂಬರ್ ನನಗೆ ಚೆನ್ನಾಗಿ ಗೊತ್ತು. ಹೋದ ವರ್ಷ ನಾನು, ನನ್ನ ಚಿಕ್ಕಪ್ಪನ ಮಗ ಸೇರಿ ಅದೇ ಮನುಷ್ಯನ ಹತ್ತಿರ ಇಂಥದ್ದೇ ಎಸ್ಟೀಮ್ ತಗೊಂಡಿದ್ದೆವು. ಹೆಸರು ಬರೆಯಲ್ಲ. ದೂರು ಕೊಟ್ಟಿದ್ದೇವೆ, ಅದು ಅದರ ಪಾಡಿಗೆ ನಡೀತಿದೆ. ಅಷ್ಟರಲ್ಲಿ ಇನ್ನೊಬ್ಬರು ದುಡ್ಡು ಕಳ್ಕೊಳ್ಳೋದು ಬೇಡ ಅಂತ ಬರೀತಿದ್ದೇನೆ. ದುಡ್ಡು ಹೋದರೆ ಹೋಯ್ತು ಅನ್ನಬಹುದು, ಆ ಗಾಡಿಯಲ್ಲಿ ಪಲ್ಟಿ ಹೊಡೆದರೆ ಜೀವಾನೇ ಹೋಗುತ್ತೆ.

ಎಸ್ಟೀಮ್ ಆರಿಸಿದ್ದಕ್ಕೆ ಕಾರಣ ಇತ್ತು. 1.3 ಲೀಟರ್ ಎಂಜಿನ್, ಹಗುರ ಬಾಡಿ, ಕೊನೆಯ ಮಾಡೆಲ್‌ಗಳಲ್ಲಿ 85 ಬಿಎಚ್‌ಪಿ. ನಮ್ಮ ದೇಶದ ಟ್ರ್ಯಾಕ್‌ಗಳಲ್ಲಿ ಎಷ್ಟೋ ವರ್ಷ ಓಡಿದ ಕಾರು. 2007ರಲ್ಲಿ ತಯಾರಿಕೆ ನಿಂತರೂ ಇದನ್ನ ಬಿಚ್ಚಿ ಕಟ್ಟೋಕೆ ಬರೋ ಮೆಕ್ಯಾನಿಕ್‌ಗಳು ಊರೂರಲ್ಲಿ ಸಿಗ್ತಾರೆ. ಕಡಿಮೆ ದುಡ್ಡಲ್ಲಿ ಶುರು ಮಾಡೋರು ಯಾರಾದರೂ ಮೊದಲು ಇದನ್ನೇ ನೋಡ್ತಾರೆ. ಮಾರೋನಿಗೂ ಅದು ಗೊತ್ತು.

ನಮ್ಮ ಕಡೆ ಒಂದು ತೊಂದರೆ ಇದೆ. ಇಲ್ಲಿ ಟ್ರ್ಯಾಕ್ ಇಲ್ಲ. ಗಾಡಿ ಹೇಗಿದೆ ಅಂತ ಓಡಿಸಿ ನೋಡೋ ಜಾಗಾನೇ ಇಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ನಮಗೆ ಏಳೆಂಟು ನೂರು ಕಿಲೋಮೀಟರ್. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇನ್ನೂ ದೂರ. (ಇರುಂಗಾಟ್ಟುಕೋಟೈ ಆಗೋ ಮುಂಚೆ ಚೆನ್ನೈನವರು ಶೋಲಾವರಂನ ಯುದ್ಧಕಾಲದ ಹಳೇ ರನ್‌ವೇ ಮೇಲೆ ರೇಸ್ ನಡೆಸ್ತಿದ್ದರು. ನಮ್ಮಲ್ಲೂ ರನ್‌ವೇ ಇವೆ, ಬೀದರ್‌ದು ಏರ್‌ಫೋರ್ಸ್‌ದು, ಕಲಬುರಗಿದು 2019ರಲ್ಲಿ ಶುರುವಾದ ವಿಮಾನ ನಿಲ್ದಾಣದ್ದು. ಎರಡರ ಗೇಟಿಗೂ ನಮ್ಮನ್ನ ಬಿಡಲ್ಲ, ಆ ಮಾತು ಬೇರೆ.) ಗಾಡಿಯ ನಿಜ ಬಣ್ಣ ಹೊರಗೆ ಬರೋದು ಅಷ್ಟು ದೂರ ಹೋದ ಮೇಲೆ. ಈ ದಂಧೆ ನಡೀತಿರೋದೇ ಅದರಿಂದ.

ಹೋದ ವರ್ಷ ನಾವು ತಗೊಂಡ ಗಾಡಿ ಹುಮನಾಬಾದ್ ರೋಡಿನ ಒಂದು ಶೆಡ್‌ನಲ್ಲಿ ನಿಂತಿತ್ತು. ಮಾರೋನು ಸ್ಟಾರ್ಟ್ ಮಾಡಿ ರೇಸ್ ಕೊಟ್ಟು ತೋರಿಸಿದ. ಸೈಲೆನ್ಸರ್ ಕತ್ತರಿಸಿದ್ದರಿಂದ ಶೆಡ್ಡಿನ ತಗಡೆಲ್ಲ ಅದುರಿತು. "ಏನೂ ಕೆಲಸ ಇಲ್ರಿ ಇದಕ. ಲಾರಿ ಮ್ಯಾಲ ಹಾಕ್ರಿ, ಸೀದಾ ಟ್ರ್ಯಾಕಿಗಿ ಹೋಗ್ರಿ. ಹೆಲ್ಮೆಟ್, ಸೂಟ್ ಫ್ರೀ. ಲೈಸೆನ್ಸೂ ನಾನೇ ಮಾಡಿಸಿ ಕೊಡ್ತೀನಿ" ಅಂದ. ಕೇಜ್ ಬಗ್ಗೆ ಕೇಳಿದ್ದಕ್ಕೆ ಪೈಪನ್ನ ಮುಷ್ಟಿಯಿಂದ ಗುದ್ದಿ, "ಸೀಮ್‌ಲೆಸ್ ಅದರೀ, ಆನಿ ಕೂತರೂ ಬಗ್ಗಂಗಿಲ್ಲ" ಅಂದ. ಸೀಮ್‌ಲೆಸ್ ಅಂದರೆ ಉದ್ದಕ್ಕೆ ಬೆಸುಗೆ ಇಲ್ಲದ ಪೈಪ್. ಬಿಲ್ ಕೇಳಿದರೆ ಪುಣೆಯಲ್ಲಿ ಮಾಡಿಸಿದ್ದು, ಬಿಲ್ ಕಳೆದಿದೆ ಅಂದ. ಒಂದೂವರೆ ಲಕ್ಷಕ್ಕೆ ವ್ಯವಹಾರ ಮುಗೀತು. ಲೈಸೆನ್ಸ್‌ಗೆ ಬೇರೆ ದುಡ್ಡು.

ರೇಸ್ ಅಲ್ಲ, ಪ್ರಾಕ್ಟೀಸ್ ದಿನಕ್ಕೆ ಅಂತ ಚೆನ್ನೈಗೆ ಹೋದೆವು. ಲಾರಿ ಬಾಡಿಗೆ ಎಷ್ಟಾಯ್ತು ಅಂತ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಟ್ರ್ಯಾಕಿಗೆ ಬಿಡೋ ಮುಂಚೆ ಸ್ಕ್ರುಟಿನಿ ಅಂತ ಇರುತ್ತೆ, ಗಾಡಿಯನ್ನ ಒಬ್ಬರು ಅಡಿಯಿಂದ ಮುಡಿವರೆಗೆ ನೋಡ್ತಾರೆ. ನಮ್ಮ ಗಾಡಿ ನೋಡಿದವರು ಐವತ್ತು ದಾಟಿದ ಮನುಷ್ಯ, ಕೊರಳಲ್ಲಿ ಕನ್ನಡಕ ನೇತಾಡ್ತಿತ್ತು, ಮಾತು ಕಮ್ಮಿ. ಮೊದಲು ಸೀಟ್ ಬೆಲ್ಟಿನ ಪಟ್ಟಿ ತಿರುಗಿಸಿ ಲೇಬಲ್ ಹುಡುಕಿದರು. ಬೆಲ್ಟಿನ ಮೇಲೆ ದೊಡ್ಡ ಕಂಪನಿಯ ಹೆಸರು ಹೊಲಿದಿತ್ತು, ಎಫ್‌ಐಎ (ಜಗತ್ತಿನ ಕಾರ್ ರೇಸ್ ನಿಯಮ ಮಾಡೋ ಸಂಸ್ಥೆ) ಲೇಬಲ್ ಮಾತ್ರ ಎಲ್ಲೂ ಇರಲಿಲ್ಲ. ಅಸಲಿ ಬೆಲ್ಟ್‌ನಲ್ಲಿ 8853 ಅಂತ ಶುರುವಾಗೋ ನಂಬರ್, ಯಾವ ವರ್ಷದ ತನಕ ನಡೆಯುತ್ತೆ ಅನ್ನೋದು ಎರಡೂ ಇರುತ್ತೆ. ಆ ವರ್ಷ ದಾಟಿದರೆ ಬೆಲ್ಟ್ ಹೊಸದರ ಹಾಗೆ ಹೊಳೀತಿದ್ದರೂ ತಗೊಳ್ಳಲ್ಲ.

ಆಮೇಲೆ ಕೇಜ್ ಕಡೆ ಬಂದರು. ಡ್ರೈವರ್ ಹಿಂದಿನ ದೊಡ್ಡ ಕಮಾನನ್ನ, ಮೇನ್ ಹೂಪ್ ಅಂತಾರಲ್ಲ, ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಕಾರಿನ ನೆಲ ಟಪ್ ಅಂತ ಸದ್ದು ಮಾಡಿತು. ಕಾರ್ಪೆಟ್ ಎತ್ತಿಸಿದರು. ಪೈಪಿನ ಬುಡವನ್ನ ನೇರ ನೆಲದ ತಗಡಿಗೇ ವೆಲ್ಡ್ ಮಾಡಿದ್ದ, ನಡುವೆ ಪ್ಲೇಟ್ ಇಲ್ಲ. ಆ ತಗಡೂ ತುಕ್ಕು ಹಿಡಿದಿತ್ತು. ಕೊನೆಗೆ ಅವರು ಮೊಬೈಲ್ ಕ್ಯಾಮೆರಾ ಆನ್ ಮಾಡಿ, ರೂಫ್‌ಗೂ ಪೈಪಿಗೂ ನಡುವಿನ ಸಂದಿಯಲ್ಲಿ ತೂರಿಸಿ ಫೋಟೋ ತೆಗೆದು ನಮಗೆ ತೋರಿಸಿದರು. ಜಾಯಿಂಟ್‌ನ ಕೆಳಭಾಗಕ್ಕೆ ಮಾತ್ರ ವೆಲ್ಡ್. ಮೇಲ್ಭಾಗಕ್ಕೆ ಪುಟ್ಟಿ ಮೆತ್ತಿ ಕೆಂಪು ಬಣ್ಣ ಹೊಡೆದಿದ್ದ. ಕಾರಿನ ಕೀಲಿಯಿಂದ ಕೆರೆದರೆ ಪುಟ್ಟಿ ಚೂರುಚೂರಾಗಿ ಸೀಟಿನ ಮೇಲೆ ಉದುರಿತು. ರೂಫ್ ಕೂಡಿಸಿದ ಮೇಲೆ ಅಲ್ಲಿಗೆ ವೆಲ್ಡಿಂಗ್ ಟಾರ್ಚ್ ಹೋಗಲ್ಲ. ಸರಿಯಾಗಿ ಮಾಡೋರು ಕೇಜನ್ನ ಕೆಳಗಿಳಿಸಿಕೊಂಡೋ, ರೂಫ್ ಕತ್ತರಿಸಿಯೋ ಸುತ್ತಲೂ ಬೆಸೀತಾರೆ. ಇವನಿಗೆ ಅಷ್ಟು ಪುರುಸೊತ್ತು ಇರಲಿಲ್ಲ.

"ಇದಕ್ಕಿಂತ ಕೇಜ್ ಇಲ್ಲದ ಗಾಡಿ ವಾಸಿ" ಅಂದರು ಅವರು. ಖಾಲಿ ಗಾಡಿ ಪಲ್ಟಿಯಾದರೆ ರೂಫ್ ಕುಸಿಯುತ್ತೆ. ಇಂಥ ಕೇಜ್ ಇದ್ದರೆ ರೂಫೂ ಕುಸಿಯುತ್ತೆ, ಕಿತ್ತು ಬಂದ ಪೈಪೂ ತಲೆಗೇ ಬರುತ್ತೆ.

ವಾಪಸ್ ಬಂದ ಮೇಲೆ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೆಡ್ ಕೆಲಸ ಮಾಡೋ ನಮ್ಮ ಪರಿಚಯದ ವೆಲ್ಡರ್‌ಗೆ ಗಾಡಿ ತೋರಿಸಿದೆವು. ಪೈಪಿಗೆ ಒಂದು ತೂತು ಹೊಡೆದು ಕ್ಯಾಲಿಪರ್ ಹಾಕಿದರು. ಗೋಡೆ ದಪ್ಪ ಎರಡು ಮಿಲಿಮೀಟರೂ ಬರಲಿಲ್ಲ. ಒಂದು ತುಂಡು ಕತ್ತರಿಸಿ ಒಳಗೆ ಬೆರಳಾಡಿಸಿದರೆ ಉದ್ದಕ್ಕೂ ಏಣು ಕೈಗೆ ಸಿಗುತ್ತೆ, ಅಂದರೆ ತಗಡು ಸುತ್ತಿ ಬೆಸೆದ ಪೈಪ್. "ಇದು ಪೆಂಡಾಲಿಗಿ ಹಾಕೋ ಪೈಪ್ ಅಲ್ಲೇನ್ರಿ?" ಅಂತ ನಕ್ಕರು. ಎಫ್‌ಐಎ ನಿಯಮಗಳಲ್ಲಿ ಅನುಬಂಧ ಜೆ, ವಿಧಿ 253 ಅಂತ ಇದೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಮೇನ್ ಹೂಪ್‌ಗೆ 45 ಮಿ.ಮೀ. ವ್ಯಾಸದ ಪೈಪ್ ಆದರೆ 2.5 ಮಿ.ಮೀ. ದಪ್ಪ, 50 ಮಿ.ಮೀ. ಆದರೆ 2 ಮಿ.ಮೀ. ದಪ್ಪ, ಅದೂ ಜಾಯಿಂಟ್ ಇಲ್ಲದ ಸೀಮ್‌ಲೆಸ್. ಬುಡಕ್ಕೆ ಕಮ್ಮಿ ಅಂದರೆ 3 ಮಿ.ಮೀ. ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಪ್ಲೇಟ್. ಗಾಡಿ ನೋಡೋಕೆ ಹೋಗುವಾಗ ಒಬ್ಬ ವೆಲ್ಡರ್‌ನ ಜೊತೆಗೆ ಕರ್ಕೊಂಡು ಹೋಗಿ. ರೇಸಿಂಗ್ ಗೊತ್ತಿರಬೇಕಾಗಿಲ್ಲ, ಪೈಪ್ ಗೊತ್ತಿದ್ದರೆ ಸಾಕು.

ಎಂಜಿನ್ ಕತೆ ಚಿಕ್ಕದು. ಮನೆ ಹತ್ತಿರ ಹತ್ತು ನಿಮಿಷ ಐಡ್ಲಿಂಗ್ ಬಿಟ್ಟರೆ ಟೆಂಪರೇಚರ್ ಮುಳ್ಳು ಮೇಲೇರಿ ಕೂತಿತು. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಯಾವ ಗಾಡಿಯಾದರೂ ಬಿಸಿಯಾಗುತ್ತೆ ಅಂತ ಮೊದಲು ಅಂದ್ಕೊಂಡೆವು. ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಬೆರಳು ಅದ್ದಿದರೆ ಹಳದಿ ಗಸಿ. ಮೂಸಿದರೆ ಅರಿಶಿನ! ಲೀಕ್ ನಿಲ್ಲಿಸೋಕೆ ಅರಿಶಿನ ಪುಡಿ ಹಾಕೋದು ಹಳೇ ಲಾರಿ ಡ್ರೈವರ್‌ಗಳ ಉಪಾಯ, ಅರ್ಧ ದಾರಿಯಲ್ಲಿ ಕೆಟ್ಟ ಗಾಡಿ ಊರು ಮುಟ್ಟೋಕೆ ಆಗುತ್ತೆ. ಅದನ್ನ ಹಾಕಿ ಮಾರೋದು ಬೇರೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಹೆಡ್‌ಗೂ ನಡುವಿನ ಸೀಲ್) ಹೋಗಿತ್ತು. ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಮಾಡಿಸಿದರೆ ಅಕ್ಕಪಕ್ಕದ ಎರಡು ಸಿಲಿಂಡರ್ ತೀರಾ ಕೆಳಗೆ. ಒಳ್ಳೇ ಗ್ಯಾರೇಜ್‌ನಲ್ಲಿ ಅರ್ಧ ಗಂಟೆ ಕೆಲಸ ಇದು. ಮಾರೋನು ಟೆಸ್ಟ್ ಬೇಡ ಅಂದರೆ ಅಲ್ಲಿಂದಲೇ ಎದ್ದು ಬನ್ನಿ.

ಫ್ರೀ ಹೆಲ್ಮೆಟ್ ಬೈಕಿನದ್ದು. ಕಾರ್ ರೇಸ್‌ಗೆ ಎಸ್‌ಎ ಅನ್ನೋ ಸ್ನೆಲ್ (ಹೆಲ್ಮೆಟ್ ಪರೀಕ್ಷೆ ಮಾಡೋ ಸಂಸ್ಥೆ) ಗುರುತು ಅಥವಾ ಎಫ್‌ಐಎ ಗುರುತು ಇರಬೇಕು. ಎಸ್‌ಎ ಹೆಲ್ಮೆಟ್‌ಗೆ ಬೆಂಕಿ ಪರೀಕ್ಷೆ ಇರುತ್ತೆ, ಕೇಜ್ ಪೈಪಿಗೆ ತಲೆ ಬಡಿಯೋ ಲೆಕ್ಕದ ಪರೀಕ್ಷೇನೂ ಇರುತ್ತೆ. ಬೈಕ್ ಹೆಲ್ಮೆಟ್‌ಗೆ ಅವೆರಡೂ ಇಲ್ಲ. ಸೂಟಿನ ಒಳಗಡೆಯಿಂದ ಒಂದು ದಾರ ಕಿತ್ತು ಲೈಟರ್ ಹಿಡಿದೆ. ಕರಗಿ, ಮಣಿಯಾಗಿ, ನೆಲಕ್ಕೆ ತೊಟ್ಟಿಕ್ಕಿತು. ಬೆಂಕಿ ಹತ್ತಿದಾಗ ಅದು ಮೈ ಚರ್ಮದ ಮೇಲೆ ತೊಟ್ಟಿಕ್ಕುತ್ತೆ. ಅದಕ್ಕಿಂತ ಹತ್ತಿ ಪ್ಯಾಂಟು ಶರ್ಟು ಮೇಲು.

ಇನ್ನು ಆ "ಲೈಸೆನ್ಸ್". ಲ್ಯಾಮಿನೇಟ್ ಮಾಡಿದ ಕಾರ್ಡು, ಮೇಲೆ ಯಾವುದೋ ರೇಸಿಂಗ್ ಕ್ಲಬ್ ಹೆಸರು, ಹುಲಿ ಚಿತ್ರ. ಟ್ರ್ಯಾಕ್ ಆಫೀಸಿನ ಹುಡುಗಿ ಹಿಂದೆ ಮುಂದೆ ತಿರುಗಿಸಿ ನೋಡಿ, ನಗು ತಡಕೊಂಡು ವಾಪಸ್ ಕೊಟ್ಟಳು. ದೇಶದಲ್ಲಿ ಕಾರ್ ರೇಸ್ ಲೈಸೆನ್ಸ್ ಕೊಡೋದು ಎಫ್‌ಎಂಎಸ್‌ಸಿಐ ಅನ್ನೋ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ. ಅರ್ಜಿ ನಾವೇ ಹಾಕಬೇಕು, ಅವರ ವೆಬ್‌ಸೈಟ್‌ನಲ್ಲೇ ಆಗುತ್ತೆ. ಏಜೆಂಟ್ ಅನ್ನೋ ಜಾತಿ ಅಲ್ಲಿ ಇಲ್ಲ. ಸರ್ಕ್ಯೂಟ್ ರೇಸ್‌ಗೆ ಬರೋ ಹೊಸಬರು ಮೊದಲು ಟ್ರೇನಿಂಗ್ ಸ್ಕೂಲ್ ಮಾಡಬೇಕು, ಅದನ್ನ ದುಡ್ಡು ಕೊಟ್ಟು ದಾಟೋಕೆ ಆಗಲ್ಲ.

ಕಾಗದಪತ್ರದಲ್ಲೂ ಆಟ ಇತ್ತು. ಗಾಡಿ ನಂಬರ್ ಎಂಎಚ್ 13, ಸೋಲಾಪುರದ್ದು. ಕೊಟ್ಟಿದ್ದು ಆರ್‌ಸಿ ಜೆರಾಕ್ಸ್. "ರೇಸ್ ಗಾಡಿಗಿ ಆರ್‌ಸಿ ಯಾಕ್ರಿ?" ಅನ್ನೋದು ಅವನ ವಾದ. ಟ್ರ್ಯಾಕ್ ಒಳಗೆ ಯಾರೂ ಕೇಳಲ್ಲ, ನಿಜ. ಆದರೆ ಗಾಡಿ ಯಾರದ್ದು ಅಂತ ತೋರಿಸೋಕೆ ಬೇರೇನಿದೆ? ಎಂ-ಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದರೆ ಮಾಲೀಕ ಬೇರೆಯವರು, ಮೇಲೆ ಬ್ಯಾಂಕ್ ಸಾಲ ಇನ್ನೂ ಕಾಣಿಸ್ತಿತ್ತು. ಬೇರೆ ರಾಜ್ಯದ ಗಾಡಿ ಆದರೆ ಅಲ್ಲಿನ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿ, ಜೊತೆಗೆ ಗಾಡಿ ಹೆಸರು ಬದಲಿಸೋಕೆ ಸಹಿ ಇರೋ ಫಾರ್ಮ್ 29, 30. ಇವು ಕೈಗೆ ಬರೋ ತನಕ ದುಡ್ಡು ಬಿಚ್ಚಬೇಡಿ. ಕೇಜ್ ಹಾಕಿ ಸೀಟ್ ಕಿತ್ತ ಗಾಡಿಯನ್ನ ರೋಡಿಗೂ ಇಳಿಸೋ ಹಾಗಿಲ್ಲ, ಗಾಡಿ ಮಾರ್ಪಾಡಿನ ಮೇಲಿರೋ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತೆ. ಪ್ರತಿ ಸಲ ಲಾರಿ ಬಾಡಿಗೆ ಅನ್ನೋದು ಲೆಕ್ಕದಲ್ಲಿ ಇರಲಿ.

ಅವನ ಒಂದು ಮಾತಿಗೆ ಮಾತ್ರ ನಾವು ಒಪ್ಪಲಿಲ್ಲ. "ರಾತ್ರಿ ರಿಂಗ್ ರೋಡಿಗಿ ಬರ್ರಿ, ಗಾಡಿ ತಾಕತ್ತು ತೋರಿಸ್ತೀನಿ" ಅಂತ ಕರೆದಿದ್ದ. ಕೆಲವು ಹುಡುಗರು ಹೋಗ್ತಾರೆ, ಬೆಟ್ಟಿಂಗೂ ನಡೀತದೆ ಅಂತ ಆಮೇಲೆ ಗೊತ್ತಾಯ್ತು. ರೋಡಲ್ಲಿ ರೇಸ್ ಅಂದರೆ ಅದೇ ಕಾಯ್ದೆಯ ಸೆಕ್ಷನ್ 189: ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ 1 ವರ್ಷ, 10,000. ಕಾನೂನು ಬಿಡಿ, ಆ ರೋಡಲ್ಲಿ ಹೊತ್ತಲ್ಲದ ಹೊತ್ತಲ್ಲಿ ತೊಗರಿ ತುಂಬಿದ ಟ್ರ್ಯಾಕ್ಟರ್‌ಗಳು ಲೈಟಿಲ್ಲದೆ ಬರ್ತಾವೆ.

"ಹಾಗಾದರೆ ಕಮ್ಮಿ ದುಡ್ಡಲ್ಲಿ ಏನು ಮಾಡೋದು?" ಅಂತ ಕೇಳೋರಿಗೆ: ಕಾರು ಕೊನೆಗೆ ತಗೊಳ್ಳಿ. ಒಂದೂವರೆ ಲಕ್ಷ ಇದ್ದರೆ ಅದರಲ್ಲಿ ಒಳ್ಳೇ ಹೆಲ್ಮೆಟ್ ಒಂದು ತಗೊಂಡು, ಉಳಿದದ್ದನ್ನ ಓಡಿಸೋಕೆ ಖರ್ಚು ಮಾಡಿ. ಹೈದರಾಬಾದ್ ನಮಗೆ ಇನ್ನೂರು ಚಿಲ್ಲರೆ ಕಿಲೋಮೀಟರ್, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಅಲ್ಲಿ ಬಾಡಿಗೆ ಕಾರ್ಟ್ (ಪುಟ್ಟ ರೇಸ್ ಗಾಡಿ) ಸಿಗುತ್ತೆ, ಲ್ಯಾಪ್ ಟೈಮ್ ಚೀಟಿ ಕೈಗೆ ಕೊಡ್ತಾರೆ. ನನ್ನ ಚಿಕ್ಕಪ್ಪನ ಮಗ ಈಗ ಅದನ್ನೇ ಮಾಡ್ತಿದ್ದಾನೆ. ಬ್ರೇಕ್ ಎಲ್ಲಿ ಬಿಡಬೇಕು ಅನ್ನೋದು ಎಸ್ಟೀಮ್ ಇಟ್ಕೊಂಡು ಕೂತಿದ್ದಾಗ ಅವನಿಗೆ ಗೊತ್ತಾಗಿರಲಿಲ್ಲ, ಕಾರ್ಟ್‌ನಲ್ಲಿ ಗೊತ್ತಾಯ್ತು. ಆಮೇಲೆ ಸ್ಕೂಲ್, ಆಮೇಲೆ ಟೀಮಿನವರೇ ಕಾರು ಕೊಡೋ ರೇಸ್‌ಗಳು. ಗಾಡಿ ಅವರದ್ದು, ಮೆಕ್ಯಾನಿಕ್ ಅವರವನು, ನಾವು ಫೀಸ್ ಕೊಟ್ಟು ಕೂತ್ಕೊಳ್ಳೋದು. ಡ್ಯಾಮೇಜ್ ಆದರೆ ಯಾರ ಲೆಕ್ಕ ಅಂತ ಮೊದಲೇ ಬರೆಸಿಕೊಳ್ಳಿ. ಟಿಎಸ್‌ಡಿ (ಟೈಮ್-ಸ್ಪೀಡ್-ಡಿಸ್ಟೆನ್ಸ್) ರ್‍ಯಾಲಿ ಇನ್ನೂ ಅಗ್ಗ, ಮನೆ ಕಾರಲ್ಲೇ ಆಗುತ್ತೆ. ಅಲ್ಲಿ ಸ್ಪೀಡ್ ಬೇಕಿಲ್ಲ, ಹೇಳಿದ ಸಮಯಕ್ಕೆ ಸರಿಯಾಗಿ ಮುಟ್ಟಬೇಕು. ಬೇಗ ಬಂದರೂ ಪೆನಾಲ್ಟಿ, ತಡ ಆದರೂ ಪೆನಾಲ್ಟಿ. ಆದರೆ ಮನೆ ಕಾರನ್ನ ಯಾವ ಇವೆಂಟ್‌ಗೆ ಒಯ್ದರೂ ಇನ್ಶೂರೆನ್ಸ್ ಪಾಲಿಸಿ ಒಮ್ಮೆ ಓದಿ. ರೇಸ್, ಸ್ಪೀಡ್ ಟೆಸ್ಟ್, ರಿಲಯಬಿಲಿಟಿ ಟ್ರಯಲ್ (ಗಾಡಿ ತಾಳಿಕೆಯ ಪರೀಕ್ಷೆ) ಇವುಗಳಲ್ಲಿ ಆದ ಡ್ಯಾಮೇಜ್ ಅವರು ಕೊಡಲ್ಲ.

ನಮ್ಮ ಎಸ್ಟೀಮ್ ಕಪನೂರಲ್ಲೇ ನಿಂತಿದೆ. ಕಾಗದ ಸರಿಯಾಗೋ ತನಕ ಅದನ್ನ ಬಿಚ್ಚೋಕೂ ಬರಲ್ಲ, ಮಾರೋಕೂ ಬರಲ್ಲ. ಕೇಜ್ ಮಾತ್ರ ಕತ್ತರಿಸಿ ತೆಗೆಸಿದ್ದೇವೆ. ಒಬ್ಬ ಹುಡುಗ ಫೋನ್ ಮಾಡಿ "ಕೇಜ್ ಕೊಡ್ರಿ ಅಣ್ಣ, ನಮ್ಮ ಜೆನ್‌ಗಿ ಹಾಕ್ತೀನಿ" ಅಂತ ಕೇಳಿದ. ಕೊಡಲಿಲ್ಲ. ಅದರ ತುಂಡುಗಳಲ್ಲಿ ವೆಲ್ಡರ್ ತಮ್ಮ ಶೆಡ್ಡಿನ ಮುಂದೆ ನೀರಿನ ಡ್ರಮ್ ಇಡೋಕೆ ಒಂದು ಸ್ಟ್ಯಾಂಡ್ ಮಾಡ್ಕೊಂಡಿದ್ದಾರೆ. ಪುಟ್ಟಿ ಮೆತ್ತಿದ ಜಾಯಿಂಟ್ ಒಂದನ್ನ ನಾನು ಎತ್ತಿಟ್ಟಿದ್ದೇನೆ. ಆ ಬಿಳಿ ಗಾಡಿ ನೋಡೋಕೆ ಹೊರಟವರು ಮೊದಲು ಬಂದು ಅದನ್ನ ನೋಡ್ಕೊಂಡು ಹೋಗಬಹುದು, ಮೆಸೇಜ್ ಮಾಡಿ.