ಪರದೆಯಲ್ಲಿ ಕಂಡ ಸೀಟಿಗೆ ಪಾಯಿಂಟ್ ಕಳಿಸಬೇಡಿ: ಬಜ್ಪೆಯಿಂದ ಹೊರಡುವವರಿಗೆ ಒಂದು ಎಚ್ಚರಿಕೆ

ಗುರುವಾರ ರಾತ್ರಿ ಹನ್ನೊಂದು ಗಂಟೆ, ಮಣಿಪಾಲದ ಒಂದು ಮನೆ. ಜರ್ಮನಿಯಲ್ಲಿರುವ ಮಗಳಿಗೆ ಹೆರಿಗೆ ಬೇಗ ಆಗುವ ಸೂಚನೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ವೀಸಾ ಇದೆ, ಟಿಕೆಟ್ ಇಲ್ಲ. ನಗದು ದರ ನೋಡಿದರೆ ತಲೆ ತಿರುಗುವಂತಿದೆ. ಅಷ್ಟರಲ್ಲಿ ಹಣದ ಬದಲು ಕೂಡಿಟ್ಟ ‘ಮೈಲು’ ಪಡೆದು ಟಿಕೆಟ್ ಕೊಡುವ ಏರ್‌ಲೈನ್ ಯೋಜನೆಯೊಂದರ, ಅಂದರೆ ಮೈಲೇಜ್ ಪ್ರೋಗ್ರಾಂನ ಪುಟದಲ್ಲಿ ಬೆಂಗಳೂರಿನಿಂದ ಭಾನುವಾರ ನಸುಕಿಗೆ ಹೊರಡುವ ವಿಮಾನದಲ್ಲಿ ಒಂದೇ ಒಂದು ಬಿಸಿನೆಸ್ ಸೀಟು ಕಂಡಿತು. ಬೇಕಾದದ್ದು 60,000 ಮೈಲು. ಕ್ರೆಡಿಟ್ ಕಾರ್ಡಿನಲ್ಲಿ 1,20,000 ಪಾಯಿಂಟ್ ಇತ್ತು. ಎರಡಕ್ಕೆ ಒಂದರ ಲೆಕ್ಕದಲ್ಲಿ ಅಳೆದು ತೂಗಿದ ಹಾಗೆ ಸರಿಹೋಯಿತು. ಹತ್ತು ನಿಮಿಷದೊಳಗೆ ವರ್ಗಾವಣೆಯ ಬಟನ್ ಒತ್ತಿದರು.

ಮೈಲು ಖಾತೆಗೆ ಬಿದ್ದದ್ದು ಮಂಗಳವಾರ ಮಧ್ಯಾಹ್ನ.

ವಿಮಾನ ಹೋಗಿ ಎರಡು ದಿನ ಆಗಿತ್ತು ಎಂಬುದಷ್ಟೇ ಆದರೆ ಗ್ರಹಚಾರ ಎಂದು ಸುಮ್ಮನಿರಬಹುದಿತ್ತು. ಆದರೆ ಆ ಸೀಟು ಗುರುವಾರ ರಾತ್ರಿಯೂ ಇರಲಿಲ್ಲ. ಅದೇ ವಿಮಾನ, ಅದೇ ದಿನಾಂಕ ಹಾಕಿ ಅದೇ ಏರ್‌ಲೈನ್ ಒಕ್ಕೂಟದ (ಒಬ್ಬರ ಮೈಲಿಗೆ ಇನ್ನೊಬ್ಬರು ಸೀಟು ಕೊಡುವ ಕಂಪನಿಗಳ ಗುಂಪು) ಬೇರೆ ಎರಡು ಪ್ರೋಗ್ರಾಂಗಳಲ್ಲಿ ಹುಡುಕಿದ್ದರೆ ಎರಡರಲ್ಲೂ ಖಾಲಿ ಪುಟ ಬರುತ್ತಿತ್ತು. ಪಾಯಿಂಟ್ ವಾಪಸ್ ಕೊಡಿ ಎಂದು ಬ್ಯಾಂಕಿಗೆ ಫೋನ್ ಮಾಡಿದ್ದಕ್ಕೆ ಸಿಕ್ಕ ಉತ್ತರ ಎಲ್ಲ ಬ್ಯಾಂಕುಗಳದ್ದೂ ಹೌದು: ಒಮ್ಮೆ ಹೋದ ಪಾಯಿಂಟ್ ತಿರುಗಿ ಬರುವುದಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಕಥೆ.

ಇಂಥ ಸೀಟಿಗೆ ಇಂಗ್ಲಿಷಿನಲ್ಲಿ ಫ್ಯಾಂಟಮ್ ಎನ್ನುತ್ತಾರೆ. ಭೂತ ಎಂದು ಕನ್ನಡಿಸಬಹುದಿತ್ತು, ಆದರೆ ತುಳುನಾಡಿನಲ್ಲಿ ಭೂತ ನಂಬಿದವರನ್ನು ಕೈಬಿಡುವುದಿಲ್ಲ. ಆದ್ದರಿಂದ ಜಳ್ಳು ಸೀಟು ಎನ್ನೋಣ. ಹೊರಗಿನಿಂದ ಭತ್ತದ ಹಾಗೇ ಇರುತ್ತದೆ, ಒಳಗೆ ಕಾಳಿಲ್ಲ.

ಜಳ್ಳು ಹುಟ್ಟುವುದು ಹೀಗೆ. ನೀವು ಮೈಲು ಇಟ್ಟಿರುವುದು ಒಂದು ಏರ್‌ಲೈನ್‌ನಲ್ಲಿ, ಹಾರುವುದು ಅದರ ಪಾಲುದಾರನ ವಿಮಾನದಲ್ಲಿ. ಪಾಲುದಾರ ತನ್ನ ಖಾಲಿ ಸೀಟುಗಳಲ್ಲಿ ಕೆಲವನ್ನು ಮಾತ್ರ ಮೈಲಿಗೆ ಬಿಡುತ್ತಾನೆ, ಅದಕ್ಕೆ ಪ್ರತ್ಯೇಕ ಅಕ್ಷರಗಳಿವೆ. ಸ್ಟಾರ್ ಅಲಯನ್ಸ್ ಎಂಬ ಒಕ್ಕೂಟದಲ್ಲಿ ಇಕಾನಮಿಗೆ ಎಕ್ಸ್, ಬಿಸಿನೆಸ್‌ಗೆ ಐ, ಫಸ್ಟ್‌ಗೆ ಓ. ನಿಮ್ಮ ಪ್ರೋಗ್ರಾಂ ಪ್ರತಿ ಹುಡುಕಾಟಕ್ಕೂ ಪಾಲುದಾರನ ಕಂಪ್ಯೂಟರನ್ನು ಕೇಳುವುದಿಲ್ಲ, ಹಿಂದೆ ಕೇಳಿ ಇಟ್ಟುಕೊಂಡ ಉತ್ತರವನ್ನೇ ಎಷ್ಟೋ ಸಲ ತೋರಿಸುತ್ತದೆ. ಐ ಅಕ್ಷರದ ಆ ಒಂದು ಸೀಟು ಮಧ್ಯಾಹ್ನವೇ ಹೋಗಿದ್ದರೂ ರಾತ್ರಿಯವರೆಗೆ ಪುಟದಲ್ಲಿ ನಗುತ್ತಾ ಕೂತಿರುತ್ತದೆ. ಇನ್ನೊಂದು ಬಗೆಯೂ ಇದೆ: ಬೆಂಗಳೂರು–ಫ್ರಾಂಕ್‌ಫರ್ಟ್ ಒಂದು ಕೊಂಡಿ, ಫ್ರಾಂಕ್‌ಫರ್ಟ್–ಹ್ಯಾಂಬರ್ಗ್ ಇನ್ನೊಂದು ಕೊಂಡಿ ಎಂದು ಬೇರೆ ಬೇರೆ ಕೇಳಿದರೆ ಎರಡೂ ಇರುತ್ತವೆ, ಒಟ್ಟಿಗೆ ಕೇಳಿದರೆ ಇಲ್ಲ. ಪೂರ್ತಿ ಪ್ರಯಾಣದ ಮೇಲೆ ಲೆಕ್ಕ ಹಾಕಿ ಸೀಟು ಕೊಡುವ ಏರ್‌ಲೈನ್‌ಗಳಲ್ಲಿ ಇದು ದಿನನಿತ್ಯದ ಮಾತು.

ಹಾಗಾದರೆ ಕೊನೇ ಗಳಿಗೆಯಲ್ಲಿ ಮೈಲು ಸೀಟು ಸಿಗುವುದೇ ಸುಳ್ಳೇ? ಅಲ್ಲ. ವರ್ಷ ಮುಂಚೆ ಬಿಡುವ ಸೀಟು ಬಿಟ್ಟರೆ ಒಳ್ಳೆಯ ಸುಗ್ಗಿ ಇರುವುದು ಕೊನೆಯ 14 ದಿನಗಳಲ್ಲೇ, ಅದರಲ್ಲೂ ಬಿಸಿನೆಸ್ ಮತ್ತು ಫಸ್ಟ್‌ನಲ್ಲಿ. ಈ ಸೀಟು ಇನ್ನು ನಗದಿಗೆ ಹೋಗಲಾರದು ಎಂದು ಕಂಪ್ಯೂಟರಿಗೆ ಅನ್ನಿಸಿದಾಗ ಮೈಲಿಗೆ ಬಿಡುತ್ತದೆ. ಇಕಾನಮಿ ಹಾಗಲ್ಲ. ಅಲ್ಲಿ ಕೊನೇ ದಿನ ಎಷ್ಟು ದರ ಹೇಳಿದರೂ ಕೊಡುವ ತುರ್ತಿನವರು ಇದ್ದೇ ಇರುತ್ತಾರೆ. ಗಲ್ಫ್ ದಾರಿಯಲ್ಲಂತೂ ಜುಲೈ–ಆಗಸ್ಟಿನ ಶಾಲಾ ರಜೆ, ಈದ್, ಕ್ರಿಸ್‌ಮಸ್ ಹತ್ತಿರ ಬಂದಾಗ ಮೈಲು ಸೀಟಿನ ಆಸೆ ಬಿಡುವುದೇ ವಾಸಿ. ಇನ್ನು ಕೆಲವು ಪ್ರೋಗ್ರಾಂಗಳು ನಗದು ದರ ಏರಿದ ಹಾಗೆ ಮೈಲಿನ ಬೆಲೆಯನ್ನೂ ಏರಿಸುತ್ತವೆ; ಸೀಟು ಸಿಕ್ಕರೂ ಮೂರು ಪಟ್ಟು ಕೇಳಬಹುದು.

ಸೀಟು ಕಾಳೋ ಜಳ್ಳೋ ಎಂದು ತೂರಿ ನೋಡುವುದಕ್ಕೆ ಅರ್ಧ ಗಂಟೆ ಸಾಕು. ಅದೇ ಒಕ್ಕೂಟದ ಕನಿಷ್ಠ ಎರಡು ಬೇರೆ ಪ್ರೋಗ್ರಾಂಗಳಲ್ಲಿ ಅದೇ ವಿಮಾನ ಸಂಖ್ಯೆ ಹುಡುಕಿ. ಸ್ಟಾರ್ ಅಲಯನ್ಸ್ ಆದರೆ ಯುನೈಟೆಡ್, ಏರ್ ಕೆನಡಾದ ಏರೋಪ್ಲಾನ್, ಏವಿಯಾಂಕಾದ ಲೈಫ್‌ಮೈಲ್ಸ್. ಖಾತೆ ತೆರೆಯುವುದು ಉಚಿತ. ಒಂದರಲ್ಲಿ ಮಾತ್ರ ಕಂಡರೆ ಅನುಮಾನ ಪಡಿ. ಆಮೇಲೆ ನಿಮ್ಮ ಪ್ರೋಗ್ರಾಂನ ಕಾಲ್ ಸೆಂಟರಿಗೆ ಫೋನ್ ಮಾಡಿ. “ಸೀಟು ಇದೆಯಾ” ಎಂದು ಕೇಳಬೇಡಿ, ಅವರೂ ನೀವು ನೋಡಿದ ಪುಟವನ್ನೇ ನೋಡಿ “ಇದೆ” ಎಂದುಬಿಡುತ್ತಾರೆ. “ಈ ವಿಮಾನದಲ್ಲಿ ಐ ಕ್ಲಾಸಿನಲ್ಲಿ ಒಂದು ಸೀಟು ಹಾಕಿ ನೋಡಿ, ಸ್ಟೇಟಸ್ ಏನು ಬರುತ್ತದೆ ಹೇಳಿ” ಎನ್ನಿ. ಎಚ್‌ಕೆ ಬಂದರೆ ಸೀಟು ನಿಜ. ಎಚ್‌ಎಲ್ ಎಂದರೆ ವೇಟ್‌ಲಿಸ್ಟ್. ಎಚ್‌ಎನ್ ಎಂದರೆ ಪಾಲುದಾರನ ಉತ್ತರಕ್ಕೆ ಕಾಯುತ್ತಿದೆ. ಯುಸಿ ಬಂದರೆ ಕಥೆ ಮುಗಿಯಿತು, ಲ್ಯಾಪ್‌ಟಾಪ್ ಮುಚ್ಚಿ ಮಲಗಿ. ಎಚ್‌ಕೆ ಬಂದಾಗ ಒಂದೆರಡು ದಿನ ಹಿಡಿದಿಡುತ್ತೀರಾ ಎಂದು ಕೇಳಿ. ಫೋನಿನಲ್ಲಿ ಹೋಲ್ಡ್ ಕೊಡುವ ಪ್ರೋಗ್ರಾಂಗಳು ಕೆಲವಿವೆ. ಹೋಲ್ಡ್ ಇಲ್ಲ, ವರ್ಗಾವಣೆಗೆ ಮೂರು ದಿನ, ವಿಮಾನ ನಾಡಿದ್ದು ಎಂದಾದರೆ ಆ ಪಾಯಿಂಟಿನಿಂದ ಆ ಸೀಟು ಆಗುವುದಿಲ್ಲ. ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ವರ್ಗಾವಣೆಯ ಸಮಯ ಬ್ಯಾಂಕಿಗೂ ಪ್ರೋಗ್ರಾಂಗೂ ತಕ್ಕ ಹಾಗೆ ಬದಲಾಗುತ್ತದೆ: ಕೆಲವು ಜೋಡಿಗಳಲ್ಲಿ ಕೆಲವೇ ನಿಮಿಷ, ಕೆಲವಕ್ಕೆ ವಾರದ ಹತ್ತಿರ. ಶುಕ್ರವಾರ ಸಂಜೆ ಕಳಿಸಿದ್ದು ವಾರಾಂತ್ಯ ಕಳೆದೇ ಅಲ್ಲಾಡುವುದುಂಟು. ಆದ್ದರಿಂದ ಅವಸರ ಇಲ್ಲದ ಒಂದು ದಿನ ಕನಿಷ್ಠ ಮೊತ್ತವನ್ನಷ್ಟೇ ಕಳಿಸಿ ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಡಿ. ಆ ಒಂದು ಸಣ್ಣ ಪರೀಕ್ಷೆಯಲ್ಲಿ ಇನ್ನೊಂದು ತೊಂದರೆಯೂ ಬಯಲಾಗುತ್ತದೆ, ಹೆಸರಿನದ್ದು.

ನಮ್ಮ ಕಡೆಯ ಹೆಸರುಗಳು ಈ ಕಂಪ್ಯೂಟರುಗಳಿಗೆ ಅರ್ಥವಾಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಬ್ಯಾಂಕಿನಲ್ಲಿ ಇನಿಷಿಯಲ್, ಮೈಲೇಜ್ ಖಾತೆಯಲ್ಲಿ ಫಾರ್ಮ್ ಬಿಡಲಿಲ್ಲವೆಂದು ಊರಿನ ಹೆಸರೇ ಸರ್‌ನೇಮ್. ಮೂರೂ ಮೂರು ಥರ. ಹೆಸರು ತಾಳೆಯಾಗದೆ ಪಾಯಿಂಟ್ ನಡುದಾರಿಯಲ್ಲಿ ನಿಂತರೆ ಬಿಡಿಸುವುದಕ್ಕೆ ಪಾಸ್‌ಪೋರ್ಟ್ ಪ್ರತಿ, ಇಮೇಲ್, ಮತ್ತೆ ಇಮೇಲ್. ಖಾತೆಯ ಹೆಸರನ್ನು ಪಾಸ್‌ಪೋರ್ಟಿನಂತೆ ಈಗಲೇ ಸರಿಮಾಡಿಸಿ. ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಂಥ ಕಡೆ ನಿಮ್ಮ ಮೈಲಿನಲ್ಲಿ ಹಾರಬಲ್ಲವರ ಹೆಸರನ್ನು ಮೊದಲೇ ಸೇರಿಸಬೇಕು, ಐದು ಜನರ ಮಿತಿಯಿದೆ. ನಿನ್ನೆ ತೆರೆದ ಖಾತೆಗೆ ಇವತ್ತು ರಾಶಿ ಮೈಲು ಬಂದು, ನಾಳೆಯ ವಿಮಾನಕ್ಕೆ ಬೇರೊಬ್ಬರ ಹೆಸರಿನಲ್ಲಿ ಟಿಕೆಟ್ ಹೊಡೆದರೆ ಭದ್ರತಾ ವಿಭಾಗಕ್ಕೆ ಅದು ಕಳ್ಳನ ನಡೆಯಂತೆ ಕಾಣುತ್ತದೆ. ಖಾತೆಗೆ ಬೀಗ ಬೀಳಬಹುದು.

ಇನ್ನು ಮೈಲು ಟಿಕೆಟಿಗೂ ದುಡ್ಡಿನಲ್ಲೇ ಕೊಡಬೇಕಾದ ತೆರಿಗೆ ಕಟ್ಟುವ ಕಾರ್ಡು. ರಿಸರ್ವ್ ಬ್ಯಾಂಕಿನ 2020ರ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿಯೇ ಬರುತ್ತದೆ; ಆ್ಯಪ್‌ನಲ್ಲಿ ಹೋಗಿ ತೆರೆಯಬೇಕು. ಕೊನೇ ಪುಟದಲ್ಲಿ ಕಾರ್ಡ್ ನಿರಾಕರಣೆಯಾಗಿ, ಅಷ್ಟರಲ್ಲಿ ಸೀಟು ಇನ್ನೊಬ್ಬರ ಪಾಲಾದದ್ದು ಬೇಕಾದಷ್ಟಿದೆ. ತೆರಿಗೆಯ ಜೊತೆ ಇಂಧನದ ಹೆಸರಿನ ಸರ್ಚಾರ್ಜ್ ಎಷ್ಟು ಎಂದೂ ನೋಡಿ. ಏರೋಪ್ಲಾನ್ ಅದನ್ನು ಹಾಕುವುದಿಲ್ಲ. ಹಾಕುವ ಪ್ರೋಗ್ರಾಂಗಳಲ್ಲಿ ಇಕಾನಮಿಯ “ಉಚಿತ” ಟಿಕೆಟ್ ನಗದು ಟಿಕೆಟಿನ ಹತ್ತಿರಕ್ಕೇ ಬಂದು ನಿಲ್ಲುವುದುಂಟು.

ಈಗ ಮಂಗಳೂರಿನದ್ದೇ ಆದ ಗುಂಡಿ. ಬಜ್ಪೆಯಿಂದ ಹಾರುವುದು ಹೆಚ್ಚಾಗಿ ಇಂಡಿಗೋ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್. ಏರ್ ಇಂಡಿಯಾ 2014ರ ಜುಲೈಯಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ ನಿಜ, ಆದರೆ ಎಕ್ಸ್‌ಪ್ರೆಸ್ ಅದರ ಸದಸ್ಯ ಅಲ್ಲ. ಇಂಡಿಗೋ ಜಗತ್ತಿನ ಮೂರು ದೊಡ್ಡ ಒಕ್ಕೂಟಗಳಲ್ಲಿ ಯಾವುದರಲ್ಲೂ ಇಲ್ಲ. ಹಾಗಾಗಿ ಐಎಕ್ಸ್‌ಇ (ಬಜ್ಪೆ ನಿಲ್ದಾಣದ ಕೋಡ್) ಎಂದು ಹಾಕಿ ಹುಡುಕಿದರೆ ಏನೂ ಸಿಗದಿರುವುದೇ ಹೆಚ್ಚು. ಬೆಂಗಳೂರು, ಮುಂಬೈ ಎಂದು ಹುಡುಕಬೇಕು, ಅಲ್ಲಿಯವರೆಗಿನ ದಾರಿ ನಿಮ್ಮ ಖರ್ಚು, ನಿಮ್ಮ ಹೊಣೆ. ಎರಡು ಬೇರೆ ಟಿಕೆಟ್ ಎಂದ ಮೇಲೆ ಲಗೇಜ್ ಬೆಂಗಳೂರಿನಲ್ಲಿ ಇಳಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು. ಮೊದಲ ವಿಮಾನ ತಡವಾದರೆ ಎರಡನೆಯವನು ಕಾಯುವುದಿಲ್ಲ. ನೀವು ನೋ ಶೋ, ಅಂದರೆ ಬಾರದೇ ಉಳಿದವರು; ಮೈಲು ಹೋಯಿತು, ಅದೇ ಟಿಕೆಟಿನಲ್ಲಿದ್ದ ವಾಪಸಿನ ಸೀಟೂ ರದ್ದು.

ಜೂನ್–ಜುಲೈಯಲ್ಲಿ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಮೋಡ ಇಳಿದು ವಿಮಾನ ಬೇರೆ ಊರಿಗೆ ತಿರುಗುವುದು ಎಲ್ಲರಿಗೂ ಗೊತ್ತು. ಅದೇ ಮಳೆಗೆ ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸೂ ನಿಂತಿತು. ಮಳೆಗಾಲದಲ್ಲಿ ಒಂದು ರಾತ್ರಿ ಮೊದಲೇ ಬೆಂಗಳೂರು ಮುಟ್ಟಿ; ಬೇಸಿಗೆಯಲ್ಲಾದರೂ ಎಂಟು ಗಂಟೆ ಅಂತರ ಇರಲಿ. ಕೆಂಪೇಗೌಡ ನಿಲ್ದಾಣದಲ್ಲಿ ವಿದೇಶಿ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ನೀವು ಇಳಿದದ್ದು ಒಂದನೆಯದರಲ್ಲಾದರೆ ಹೊರಗೆ ಬಂದು ಶಟಲ್ ಹಿಡಿಯಬೇಕು. ದಿನಾಂಕವನ್ನೂ ಎರಡು ಸಲ ಓದಿ: ಭಾನುವಾರ ನಸುಕಿನ 3 ಗಂಟೆ ಎಂದರೆ ಮಂಗಳೂರು ಬಿಡಬೇಕಾದದ್ದು ಶನಿವಾರ. ಭಾನುವಾರ ಸಂಜೆಯ ಬಸ್ ಬುಕ್ ಮಾಡಿದವರಿದ್ದಾರೆ, ನಗಬೇಡಿ.

ದುಬೈಯವರೆಗೆ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಅಲ್ಲಿಂದ ಮೈಲು ಟಿಕೆಟಿನಲ್ಲಿ ಮುಂದಕ್ಕೆ ಹೋಗುವ ಜಾಣತನ ನಮ್ಮೂರಿನಲ್ಲಿ ಜನಪ್ರಿಯ. ಲಗೇಜ್ ಮುಂದಿನ ವಿಮಾನಕ್ಕೆ ತಾನಾಗಿ ದಾಟುವುದಿಲ್ಲ. ಇಮಿಗ್ರೇಷನ್ ದಾಟಿ ಹೊರಗೆ ಬಂದು ತೆಗೆದುಕೊಳ್ಳಬೇಕು, ಅದಕ್ಕೆ ಯುಎಇ ವೀಸಾ ಬೇಕು. ಟಿಕೆಟ್ ದುಬೈಗೆ ಮುಗಿಯುವುದರಿಂದ ವೀಸಾ ಇಲ್ಲದವರನ್ನು ಬಜ್ಪೆಯ ಕೌಂಟರಿನಲ್ಲೇ ತಡೆಯುತ್ತಾರೆ.

ಟಿಕೆಟ್ ಆಯಿತು ಎಂದು ಇಮೇಲ್ ಬಂದರೂ ಕುಣಿಯಬೇಡಿ. ಆರು ಅಕ್ಷರಗಳ ಪಿಎನ್‌ಆರ್ ಎಂದರೆ ಬರೀ ಕಾಯ್ದಿರಿಸುವಿಕೆ, ಟಿಕೆಟ್ ಅಲ್ಲ. ಟಿಕೆಟ್‌ಗೆ 13 ಅಂಕಿಯ ಸಂಖ್ಯೆ ಇರುತ್ತದೆ, ಮೊದಲ ಮೂರು ಅಂಕಿ ಟಿಕೆಟ್ ಹೊಡೆದ ಏರ್‌ಲೈನ್‌ದು: ಏರ್ ಇಂಡಿಯಾ 098, ಲುಫ್ತಾನ್ಸಾ 220, ಸಿಂಗಾಪುರ್ 618, ಯುನೈಟೆಡ್ 016, ಏರ್ ಕೆನಡಾ 014. ಆ ಸಂಖ್ಯೆ ಇಮೇಲಿನಲ್ಲಿ ಇಲ್ಲವೆಂದರೆ ಅದೇ ದಿನ ಫೋನ್ ಮಾಡಿ. ಹಾರಿಸುವ ಏರ್‌ಲೈನ್‌ನ ಪಿಎನ್‌ಆರ್ ಬೇರೆಯೇ ಇರುತ್ತದೆ, ಅದನ್ನೂ ಕೇಳಿ ತೆಗೆದುಕೊಂಡು ಅವರ ಪುಟದಲ್ಲಿ ಹಾಕಿ ನೋಡಿ.

ಈ ಪಿಎನ್‌ಆರ್‌ಗೂ ಟಿಕೆಟ್ ಸಂಖ್ಯೆಗೂ ಇರುವ ವ್ಯತ್ಯಾಸದ ಮೇಲೆಯೇ ಒಂದು ದಂಧೆ ನಡೆಯುತ್ತಿದೆ. ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ “ಮೈಲ್ಸ್ ಟಿಕೆಟ್, ಅರ್ಧ ದರ, ನಾಳೆಯೇ ಹೊರಡಿ” ಎನ್ನುವವರು. ಸಾವು, ಆಸ್ಪತ್ರೆ, ಹೆರಿಗೆ ಎಂದು ಓಡುವವರೇ ಇವರ ಗಿರಾಕಿಗಳು. ಕೆಲವರು ಪಿಎನ್‌ಆರ್ ಮಾತ್ರ ತೋರಿಸಿ ಹಣ ಪಡೆದು ಮಾಯವಾಗುತ್ತಾರೆ. ಕೆಲವರು ನಿಜವಾದ ಟಿಕೆಟ್ಟೇ ಕೊಡುತ್ತಾರೆ, ಆದರೆ ಬೇರೆಯವರ ಖಾತೆಗೆ ಕನ್ನ ಹಾಕಿ ತೆಗೆದ ಮೈಲಿನಿಂದ. ಖಾತೆಯವನು ದೂರು ಕೊಟ್ಟ ದಿನ ಟಿಕೆಟ್ ರದ್ದು. ಹೋಗುವಾಗ ಅಲ್ಲದಿದ್ದರೆ ಬರುವಾಗ, ಪರದೇಶದ ಕೌಂಟರಿನಲ್ಲಿ. ಮೈಲು ಮೂಲ ಖಾತೆಗೆ ಹಿಂತಿರುಗುತ್ತದೆ, ನಿಮ್ಮ ದುಡ್ಡಲ್ಲ. ಖಾತೆ ಅವನದ್ದೇ ಆಗಿದ್ದರೂ ಮೈಲು ಮಾರುವುದನ್ನು ಪ್ರೋಗ್ರಾಂಗಳ ನಿಯಮ ಒಪ್ಪುವುದಿಲ್ಲ, ರದ್ದು ಮಾಡುವ ಹಕ್ಕು ಏರ್‌ಲೈನ್‌ಗೆ ಇದ್ದೇ ಇದೆ. “ಏರ್‌ಲೈನ್‌ಗೆ ಫೋನ್ ಮಾಡ್ಬೇಡಿ ಮಾರಾಯ್ರೆ, ನಾನೇ ನೋಡಿಕೊಳ್ತೇನೆ” ಎಂಬ ಮಾತು ಬಂತೆಂದರೆ ಅಲ್ಲಿಂದ ಎದ್ದು ಬನ್ನಿ.

ಹಣ ಕೊಟ್ಟಾಗಿದ್ದರೆ ನಾಚಿಕೆ ಪಟ್ಟು ಕೂರಬೇಡಿ. ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಎಷ್ಟು ಬೇಗ ಮಾಡಿದರೆ ಆ ಕಡೆಯ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಆಮೇಲೆ ಮಂಗಳೂರಿನದ್ದೋ ಉಡುಪಿಯದ್ದೋ ಸೆನ್ ಠಾಣೆ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ. ಹೋಗುವಾಗ ಯುಪಿಐಯ 12 ಅಂಕಿಯ ಉಲ್ಲೇಖ ಸಂಖ್ಯೆ, ಪೂರ್ತಿ ಚಾಟ್, ಪಿಎನ್‌ಆರ್ ಬಂದ ಇಮೇಲ್ ಮುದ್ರಿಸಿಕೊಂಡು ಹೋಗಿ. ಅಲ್ಲಿಯವರೆಗೆ ಆ ಚಾಟನ್ನು ಅಳಿಸಬೇಡಿ, ಅವನನ್ನು ಬ್ಲಾಕ್ ಕೂಡ ಮಾಡಬೇಡಿ.