ಮಿನ್ನಿಯಾಪೊಲಿಸ್‌ನಲ್ಲಿ ಮನೆ ಎಲ್ಲಿ ಹಿಡಿಯಬೇಕು: ಡೌನ್‌ಟೌನ್, ಲಾಂಗ್‌ಫೆಲೋ, ಮೇಪಲ್ ಗ್ರೋವ್

ಆಗಸ್ಟ್‌ನಲ್ಲಿ ನೋಡಿದರೆ ಅಮೆರಿಕದ ಮಿನ್ನೆಸೋಟ ರಾಜ್ಯದ ಈ ಊರಿನ ಯಾವ ಬಡಾವಣೆಯೂ ಚೆನ್ನಾಗಿಯೇ ಕಾಣುತ್ತದೆ. ವ್ಯತ್ಯಾಸ ಗೊತ್ತಾಗುವುದು ಜನವರಿಯಲ್ಲಿ. ಒಂದು ಚಳಿಗಾಲಕ್ಕೆ ಸರಾಸರಿ 50 ಇಂಚಿಗೂ ಹೆಚ್ಚು ಹಿಮ ಬೀಳುವ ಊರು ಇದು. 2019ರ ಜನವರಿ 30ರಂದು ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಹಾಗಾಗಿ ಮೂರೂ ಕಡೆ ಇದ್ದು ನೋಡುವಾಗ ನಾವು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಬಾಗಿಲಿಂದ ಬಸ್ಸಿನವರೆಗೋ ಕಾರಿನವರೆಗೋ ಇರುವ ದಾರಿಯ ಹಿಮ ತೆಗೆಯುವವರು ಯಾರು, ಎಷ್ಟು ಹೊತ್ತಿಗೆ?

ಡೌನ್‌ಟೌನ್‌ನಲ್ಲಿ ಆ ಕೆಲಸ ನಿಮ್ಮದಲ್ಲ. ನೆಲಮಹಡಿಯಿಂದ ಒಂದು ಮಹಡಿ ಮೇಲೆ ಸುಮಾರು 80 ಬ್ಲಾಕ್‌ಗಳನ್ನು ಜೋಡಿಸುವ ಸ್ಕೈವೇ, ಅಂದರೆ ಕಟ್ಟಡಗಳ ನಡುವಿನ ಮುಚ್ಚಿದ ಕಾಲುಸೇತುವೆಗಳ ಜಾಲ ಇದೆ. ನಿಮ್ಮ ಕಟ್ಟಡ ಅದಕ್ಕೆ ಸೇರಿದ್ದರೆ ಕೋಟಿಲ್ಲದೆ ಆಫೀಸಿಗೆ ಹೋಗಬಹುದು. ಆದರೆ ಸ್ಕೈವೇ ಆಯಾ ಕಟ್ಟಡದವರ ಕೈಯಲ್ಲಿರುವುದರಿಂದ ಬಾಗಿಲು ಹಾಕುವ ಹೊತ್ತು ಕಟ್ಟಡದಿಂದ ಕಟ್ಟಡಕ್ಕೆ ಬೇರೆ. ತಡರಾತ್ರಿ ಪಾಳಿಯವರು ಅದನ್ನೇ ನಂಬಿಕೊಂಡು ಬಾಡಿಗೆಗೆ ಒಪ್ಪಬಾರದು. ಕಾರಿದ್ದರೆ ಪಾರ್ಕಿಂಗ್ ಬಾಡಿಗೆ ಸಾಮಾನ್ಯವಾಗಿ ಬೇರೆಯೇ. ಒಬ್ಬರೇ ಇರುವವರಿಗೆ, ಇನ್ನೂ ಲೈಸೆನ್ಸ್ ಆಗದವರಿಗೆ ಇದು ಸರಿ.

ಲಾಂಗ್‌ಫೆಲೋ ನಗರದ ಆಗ್ನೇಯಕ್ಕೆ, ಮಿಸಿಸಿಪಿ ದಂಡೆಗೆ ಅಂಟಿಕೊಂಡಿದೆ. ನೂರು ವರ್ಷದ ಆಸುಪಾಸಿನ ಮನೆಗಳು, ಹಿತ್ತಲ ಗಲ್ಲಿಗೆ ತೆರೆಯುವ ಗ್ಯಾರೇಜು. 38ನೇ ಅಥವಾ 46ನೇ ಸ್ಟ್ರೀಟ್ ನಿಲ್ದಾಣಕ್ಕೆ ನಡೆಯುವಷ್ಟು ದೂರದಲ್ಲಿ ಮನೆ ಸಿಕ್ಕರೆ ಬ್ಲೂ ಲೈನ್ ರೈಲು ಒಂದು ಕಡೆ ಡೌನ್‌ಟೌನ್‌ಗೆ, ಇನ್ನೊಂದು ಕಡೆ ವಿಮಾನ ನಿಲ್ದಾಣಕ್ಕೆ ಒಯ್ಯುತ್ತದೆ. ಹೊಸದಾಗಿ ಬಂದವರು ಇಲ್ಲಿ ಎಡವುವುದು ರಸ್ತೆಯಲ್ಲಿ ಕಾರು ನಿಲ್ಲಿಸುವ ವಿಷಯದಲ್ಲಿ. ರಸ್ತೆಗಳ ಹಿಮ ತೆಗೆಯಲೆಂದು ನಗರದವರು ಸ್ನೋ ಎಮರ್ಜೆನ್ಸಿ ಘೋಷಿಸಿದ ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಸ್ನೋ ಎಮರ್ಜೆನ್ಸಿ ರಸ್ತೆಗಳ, ಅಂದರೆ ಹಾಗೆಂದು ಫಲಕ ಹಾಕಿದ ಮುಖ್ಯ ರಸ್ತೆಗಳ ಎರಡೂ ಬದಿ ಖಾಲಿ ಇರಬೇಕು. ಮರುದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಳಿದ ರಸ್ತೆಗಳಲ್ಲಿ ಸಮಸಂಖ್ಯೆ ಮನೆಗಳ ಬದಿ, ಮೂರನೇ ದಿನ ಅದೇ ಹೊತ್ತಿನಲ್ಲಿ ಬೆಸಸಂಖ್ಯೆಯ ಬದಿ. ತಪ್ಪಿದರೆ ದಂಡದ ಜೊತೆಗೆ ಕಾರನ್ನೂ ಎಳೆದೊಯ್ಯುತ್ತಾರೆ. ಹಿಮ ಜಾಸ್ತಿಯಾದ ವರ್ಷ ಸಮಸಂಖ್ಯೆಯ ಬದಿಯಲ್ಲಿ ಏಪ್ರಿಲ್ 1ರವರೆಗೂ ನಿಲ್ಲಿಸುವಂತಿಲ್ಲ ಎಂದು ಹೇಳಿಬಿಡುವುದುಂಟು. ಆದ್ದರಿಂದ ಈ ಕಡೆ ಮನೆ ನೋಡುವಾಗ ಗ್ಯಾರೇಜು ಬಾಡಿಗೆಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ, ಕರಾರಿನಲ್ಲಿ ಬರೆಸಿಕೊಳ್ಳಿ.

ಮನೆ ಮುಂದಿನ ಕಾಲುದಾರಿಯನ್ನು ಹಿಮ ನಿಂತ 24 ಗಂಟೆಯೊಳಗೆ ಸ್ವಚ್ಛ ಮಾಡಬೇಕು; ಅಪಾರ್ಟ್‌ಮೆಂಟ್‌ಗಳಿಗಾದರೆ ಹಗಲು ಹೊತ್ತಿನ 4 ತಾಸಷ್ಟೇ ಗಡುವು. ಮಾಡುವವರು ನೀವೋ ಮಾಲೀಕರೋ ಎಂಬುದೂ ಕರಾರಿನಲ್ಲಿರಲಿ.

ಇಲ್ಲಿ ಮನೆ ನೋಡಲು ಫೆಬ್ರವರಿಯೇ ಒಳ್ಳೆಯದು. ಒಳಗೆ ಹೋಗುವ ಮೊದಲು ಒಮ್ಮೆ ಸೂರಂಚು ನೋಡಿ. ತೋಳಿನಷ್ಟು ದಪ್ಪದ ಮಂಜುಗಡ್ಡೆಗಳು ಜೋತುಬಿದ್ದಿದ್ದು, ಅಕ್ಕಪಕ್ಕದ ಮನೆಗಳ ಮೇಲೆ ಹಿಮ ಹಾಗೇ ಇರುವಾಗ ಈ ಮನೆಯ ಚಾವಣಿಯ ಮೇಲ್ಭಾಗ ಮಾತ್ರ ಕರಗಿದ್ದರೆ, ಒಳಗಿನ ಶಾಖ ಅಟ್ಟಕ್ಕೆ ಸೋರುತ್ತಿದೆ ಎಂದರ್ಥ. ಕರಗಿದ ನೀರು ತಣ್ಣಗಿರುವ ಅಂಚಿಗೆ ಇಳಿದು ಗಟ್ಟಿಯಾಗಿ ಕಟ್ಟೆ ಕಟ್ಟುತ್ತದೆ. ಆ ಕಟ್ಟೆಯ ಹಿಂದೆ ನಿಂತ ನೀರು ಚಾವಣಿ ಹೊದಿಕೆಯ ಹಾಳೆಗಳಡಿ ನುಗ್ಗಿ ಒಳಗಿನ ಗೋಡೆಗೆ ಬರುತ್ತದೆ. ಕಿಟಕಿಯ ಮೇಲಿನ ಗೋಡೆಯಲ್ಲಿ ಕಂದು ಕಲೆ ಇದೆಯೇ ನೋಡಿ. ಮನೆ ಬಿಸಿ ಮಾಡಲು ಬಳಸಿದ ಗ್ಯಾಸಿನ ಜನವರಿ, ಫೆಬ್ರವರಿಯ ಬಿಲ್ಲು ಕೇಳಿ. ಬಾಡಿಗೆ ಮನೆಯ ಶಾಖ ಮಾಲೀಕರ ಹತೋಟಿಯಲ್ಲಿದ್ದರೆ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಕನಿಷ್ಠ 68 ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ ಕೊಡಬೇಕೆಂದು 2024ರಿಂದ ರಾಜ್ಯದ ಕಾನೂನೇ ಇದೆ.

ಮೇಪಲ್ ಗ್ರೋವ್ ವಾಯುವ್ಯದ ಉಪನಗರ. ಹಿಂದೂ ಟೆಂಪಲ್ ಆಫ್ ಮಿನ್ನೆಸೋಟ ಇರುವುದು ಇಲ್ಲೇ. ಸಂಸಾರಸ್ಥರು ಈ ಕಡೆ ವಾಲಲು ಅದೂ ಒಂದು ಕಾರಣ. ಮನೆಗೇ ಅಂಟಿಕೊಂಡ ಗ್ಯಾರೇಜು ಸಿಕ್ಕರೆ ಮೈನಸ್ 30ರಲ್ಲೂ ಮಗುವನ್ನು ಬೆಚ್ಚಗೆ ಕಾರಿಗೆ ಕೂರಿಸಬಹುದು. ತೊಂದರೆ ಗ್ಯಾರೇಜಿನ ಹೊರಗೆ. ರಸ್ತೆ ಸ್ವಚ್ಛ ಮಾಡುವ ಲಾರಿ ಗ್ಯಾರೇಜಿನಿಂದ ರಸ್ತೆಗೆ ಬರುವ ನಿಮ್ಮ ಡ್ರೈವ್‌ವೇ ಬಾಯಿಗೆ ಒಂದು ದಿಬ್ಬ ಒತ್ತರಿಸಿ ಹೋಗುತ್ತದೆ. ರಸ್ತೆಯ ಉಪ್ಪು, ಕೆಸರು ಬೆರೆತ ಆ ರಾಶಿ ಹೊಸ ಹಿಮಕ್ಕಿಂತ ಎಷ್ಟೋ ಭಾರ; ರಾತ್ರಿಯಿಡೀ ಬಿಟ್ಟರೆ ಕಲ್ಲಾಗುತ್ತದೆ, ಆಮೇಲೆ ಸಲಿಕೆ ನಾಟುವುದಿಲ್ಲ. ಟೌನ್‌ಹೋಮ್ (ಸಾಲುಮನೆ) ಆದರೆ ಸಾಮಾನ್ಯವಾಗಿ ಅಲ್ಲಿನ ಮನೆಮಾಲೀಕರ ಸಂಘದವರೇ ತೆಗೆಸುತ್ತಾರೆ, ಆದರೆ ಎಷ್ಟು ಇಂಚು ಬಿದ್ದ ಮೇಲೆ ಎಂದು ಕೇಳಿ. ಸಾಧ್ಯವಾದರೆ ದಕ್ಷಿಣಕ್ಕೆ ಮುಖ ಮಾಡಿದ ಡ್ರೈವ್‌ವೇ ಹುಡುಕಿ. ಉತ್ತರದ್ದು ಬಿಸಿಲು ಕಾಣದೆ ವಾರಗಟ್ಟಲೆ ಗಡ್ಡೆಯಾಗಿಯೇ ಇರುತ್ತದೆ, ಸುಮಾರು ಮೈನಸ್ 9 ಸೆಲ್ಸಿಯಸ್‌ಗಿಂತ ಕೆಳಗೆ ಸಾಧಾರಣ ಉಪ್ಪಿನಿಂದಲೂ ಹೆಚ್ಚು ಪ್ರಯೋಜನವಿಲ್ಲ, ಮರಳು ಚೆಲ್ಲಬೇಕು. ಡೌನ್‌ಟೌನ್‌ಗೆ ಎಕ್ಸ್‌ಪ್ರೆಸ್ ಬಸ್ಸಿದೆ, ಅದು ಮುಖ್ಯವಾಗಿ ಆಫೀಸು ಹೊತ್ತಿನದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವುದಾದರೆ ಎರಡು ಕಾರಿನ ಖರ್ಚು ಸೇರಿಸಿಯೇ ಬಾಡಿಗೆ ಹೋಲಿಸಿ.

ಮೊದಲ ವರ್ಷಕ್ಕೆ ನಮ್ಮ ಆಯ್ಕೆ ಲಾಂಗ್‌ಫೆಲೋ, ಅದೂ ರೈಲಿನಿಂದ 10 ನಿಮಿಷದ ನಡಿಗೆಯೊಳಗೆ. ಕೈಗೂಸಿದ್ದರೆ ಮಾತ್ರ ಮೇಪಲ್ ಗ್ರೋವ್. ಎಲ್ಲಿಯಾದರೂ ಸಹಿ ಹಾಕುವ ಮೊದಲು, ಹಿಮ ಬಿದ್ದ ಮರುದಿನ ಬೆಳಿಗ್ಗೆ 7ಕ್ಕೆ ಹೋಗಿ ಬಾಗಿಲಿಂದ ನಿಲ್ದಾಣಕ್ಕೆ ಒಮ್ಮೆ ನಡೆಯಿರಿ. ರಸ್ತೆ ದಾಟುವ ಮೂಲೆಗಳನ್ನು ನೋಡಿ: ಕಾಲುದಾರಿ ಸ್ವಚ್ಛವಿದ್ದರೂ ಲಾರಿ ಒತ್ತಿದ ದಿಬ್ಬ ಮೊಣಕಾಲುದ್ದ ನಿಂತಿರುವುದು ಅಲ್ಲೇ, ಮಗುವಿನ ತಳ್ಳುಗಾಡಿ ಸಿಕ್ಕಿಕೊಳ್ಳುವುದೂ ಅಲ್ಲೇ.