ನೋಟರಿ ಮುದ್ರೆ ಬಿದ್ದ ಮಾತ್ರಕ್ಕೆ ಪಾಲುದಾರಿಕೆ ನೋಂದಣಿಯಾದಂತಲ್ಲ

ಇಬ್ಬರು ಮೂವರು ಸೇರಿ ವ್ಯಾಪಾರ ಆರಂಭಿಸುವ ಸಿದ್ಧತೆಯಲ್ಲಿರುವವರು, ಅದರಲ್ಲೂ ಪತ್ರದ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿರುವವರು, ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ.

ಮಲೆನಾಡಿನ ನಮ್ಮೂರಿನಲ್ಲಿ ಮೂವರು ಸೇರಿ ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಘಟಕವನ್ನು ಹಾಕಿದೆವು. ಕಾಗದಪತ್ರಗಳ ಹೊಣೆಯನ್ನು ಪೇಟೆಯ ಒಂದು ತೆರಿಗೆ ಸಲಹಾ ಕಚೇರಿ ವಹಿಸಿಕೊಂಡಿತು. ಇ-ಸ್ಟ್ಯಾಂಪ್ ಕಾಗದದ ಮೇಲೆ ಪಾಲುದಾರಿಕೆ ಪತ್ರ ಸಿದ್ಧವಾಯಿತು, ನೋಟರಿಯ ಮುದ್ರೆ ಬಿತ್ತು, ಪ್ಯಾನ್, ಜಿಎಸ್‌ಟಿ, ಕರೆಂಟ್ ಅಕೌಂಟ್ ಎಲ್ಲವೂ ಆದವು. ‘ರಿಜಿಸ್ಟ್ರೇಶನ್ ಎಲ್ಲ ಮುಗಿದಿದೆ’ ಎಂದು ಹೇಳಿ ಅವರು ಪೂರ್ತಿ ಶುಲ್ಕ ಪಡೆದರು. ಮುಗಿದಿದ್ದದ್ದು ಜಿಎಸ್‌ಟಿ ನೋಂದಣಿ ಮಾತ್ರ. ಸಂಸ್ಥೆಯ ನೋಂದಣಿಗೆ ಅರ್ಜಿಯೇ ಹೋಗಿರಲಿಲ್ಲ.

ಹೊರರಾಜ್ಯದ ಒಬ್ಬ ವರ್ತಕರು ಸರಕು ತೆಗೆದುಕೊಂಡು ಹಣ ಕೊಡದೆ ಸತಾಯಿಸತೊಡಗಿದಾಗ ಇದು ಬೆಳಕಿಗೆ ಬಂತು. ವಕೀಲರು ಬಿಲ್ಲುಗಳನ್ನು ನೋಡುವ ಮೊದಲೇ ಪತ್ರದ ಕೊನೆಯ ಪುಟವನ್ನು ತಿರುಗಿಸಿ, ನೋಟರಿಯವರ ದುಂಡು ಮುದ್ರೆಯ ಮೇಲೆ ಬೆರಳಿಟ್ಟು, ‘ಇದು ಸಹಿ ನಿಮ್ಮದೇ ಎನ್ನುವುದಕ್ಕೆ ಸಾಕ್ಷಿ, ಫರ್ಮಿನ ನೋಂದಣಿ ಪತ್ರ ಎಲ್ಲಿದೆ?’ ಎಂದು ಕೇಳಿದರು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ ಎಂಬುದು ನಿಜವೇ. ಆದರೆ ಅದೇ ಕಾಯ್ದೆಯ 69ನೇ ಕಲಮಿನ ಪ್ರಕಾರ, ನೋಂದಣಿಯಾಗದ ಸಂಸ್ಥೆಯು ತನ್ನ ವ್ಯವಹಾರದ ಒಪ್ಪಂದದಿಂದ ಬರಬೇಕಾದ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಪಾಲುದಾರನೂ ಪತ್ರದಲ್ಲಿರುವ ಹಕ್ಕಿಗಾಗಿ ಸಂಸ್ಥೆಯ ಮೇಲಾಗಲಿ, ಜೊತೆಗಾರರ ಮೇಲಾಗಲಿ ದಾವೆ ಹೂಡುವಂತಿಲ್ಲ. ನಮ್ಮ ಮೇಲೆ ಬೇರೆಯವರು ದಾವೆ ಹೂಡುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ‘ನೋಂದಣಿ ಐಚ್ಛಿಕ’ ಎಂದು ಹೇಳುವವರು ಈ ಅರ್ಧವನ್ನು ಹೇಳುವುದೇ ಇಲ್ಲ, ಮತ್ತು ಹಣ ಪಡೆದು ಸಲಹೆ ಕೊಡುವವರು ಇದನ್ನು ಹೇಳದಿರುವುದು ಅಕ್ಷಮ್ಯ ಎಂದೇ ನನ್ನ ಅಭಿಪ್ರಾಯ.

ನೋಂದಣಿಯನ್ನು ಯಾವಾಗ ಬೇಕಾದರೂ ಮಾಡಿಸಬಹುದು, ದಾವೆ ಹೂಡುವ ದಿನಕ್ಕೆ ಅದು ಆಗಿದ್ದರೆ ಸಾಕು ಎಂದರು ವಕೀಲರು. ನಮ್ಮ ದಾರಿ ಮುಚ್ಚಿದ್ದು ಇಲ್ಲಿಯೇ. 58ನೇ ಕಲಮಿನಡಿ ಸಲ್ಲಿಸುವ ಅರ್ಜಿಗೆ ಪಾಲುದಾರರೆಲ್ಲರೂ, ಇಲ್ಲವೇ ಅವರು ವಿಶೇಷವಾಗಿ ಅಧಿಕಾರ ಕೊಟ್ಟ ಪ್ರತಿನಿಧಿಗಳು, ಸಹಿ ಹಾಕಲೇಬೇಕು. ನಮ್ಮ ಮೂರನೆಯ ಪಾಲುದಾರರು ಆ ವರ್ತಕರ ಹತ್ತಿರದ ಸಂಬಂಧಿ. ಪತ್ರ ಬರೆಸಿದ ದಿನ ನಗುನಗುತ್ತಾ ಎಲ್ಲಿ ಬೇಕಾದರೂ ಸಹಿ ಹಾಕುತ್ತಿದ್ದವರು ಈಗ ಅರ್ಜಿಯನ್ನು ಮುಟ್ಟಲೂ ಒಪ್ಪಲಿಲ್ಲ. ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಇರುವ ಕಾಲಮಿತಿ 3 ವರ್ಷ. ಹಳೆಯ ಬಿಲ್ಲುಗಳ ಅವಧಿ ಅಲ್ಲಿಗೆ ಸಮೀಪಿಸುತ್ತಿತ್ತು.

ಆಗ ಪತ್ರವನ್ನು ಸಾಲುಸಾಲಾಗಿ ಓದಿಸಿದೆವು. ಕಚೇರಿಯವರು ಬೇರೆ ಯಾರದೋ ಹಳೆಯ ಪತ್ರದಲ್ಲಿ ಹೆಸರು ಬದಲಿಸಿದ್ದರು. ತಟ್ಟೆ ಒತ್ತುವ ನಮ್ಮ ಘಟಕದ ಪತ್ರದ ಮೂರನೆಯ ಪುಟದಲ್ಲಿ ‘ಕಲ್ಲು ಕತ್ತರಿಸುವ ಯಂತ್ರಗಳ ನಿರ್ವಹಣೆ’ ಎಂಬ ಸಾಲು ಹಾಗೆಯೇ ಉಳಿದಿತ್ತು. ದುಡಿಯುವ ಪಾಲುದಾರನ ಸಂಬಳದ ಮಾತೇ ಇರಲಿಲ್ಲ, ಮತ್ತು ಪತ್ರದಲ್ಲಿ ಇಲ್ಲದ ಸಂಬಳವನ್ನು 13ನೇ ಕಲಂ ಕೊಡಿಸುವುದಿಲ್ಲ. ಹಾಳೆಯನ್ನು ಮಳೆಗಾಲಕ್ಕೆ ಮೊದಲೇ ಕೊಂಡು ಒಣಗಿಸಿ ದಾಸ್ತಾನು ಮಾಡದಿದ್ದರೆ ಬೂಷ್ಟು ಹಿಡಿಯುತ್ತದೆಂದು, ಪ್ರತಿ ಬೇಸಿಗೆಯಲ್ಲೂ ನಾನು ಸಾಲ ತಂದು ನನ್ನ ಬಂಡವಾಳದ ಮೇಲೆ ಹೆಚ್ಚುವರಿ ಹಣ ಹಾಕುತ್ತಿದ್ದೆ. ಅಂತಹ ಹಣಕ್ಕೆ ಪತ್ರದಲ್ಲಿ ಬೇರೆ ದರ ಬರೆಯದಿದ್ದರೆ ಕಾಯ್ದೆ ಕೊಡುವುದು ವರ್ಷಕ್ಕೆ ಶೇಕಡಾ 6ರ ಬಡ್ಡಿ ಮಾತ್ರ. ನಾನು ತಂದ ಸಾಲದ ಬಡ್ಡಿ ಅದಕ್ಕಿಂತ ಬಹಳ ಹೆಚ್ಚು.

ನಮಗೆ ಉಳಿದದ್ದು ಒಂದೇ ದಾರಿ. ಪತ್ರದಲ್ಲಿ ಪಾಲುದಾರಿಕೆಯ ಅವಧಿಯನ್ನೂ ಬರೆದಿರಲಿಲ್ಲವಾದ್ದರಿಂದ, 43ನೇ ಕಲಮಿನಂತೆ ಲಿಖಿತ ನೋಟಿಸು ಕೊಟ್ಟು ಸಂಸ್ಥೆಯನ್ನೇ ವಿಸರ್ಜಿಸಿದೆವು. ವಿಸರ್ಜನೆಯಾದ ಸಂಸ್ಥೆಯ ಲೆಕ್ಕ ಕೇಳುವುದಕ್ಕೂ ಅದರ ಆಸ್ತಿಯನ್ನು ವಸೂಲು ಮಾಡುವುದಕ್ಕೂ 69ನೇ ಕಲಮಿನಲ್ಲೇ ವಿನಾಯಿತಿ ಇದೆ. ಬಾಕಿ ವಸೂಲಿಗೆಂದು, ಚೆನ್ನಾಗಿ ನಡೆಯುತ್ತಿದ್ದ ಘಟಕಕ್ಕೆ ಬೀಗ ಹಾಕಬೇಕಾಯಿತು. ದಾವೆ ಇನ್ನೂ ನಡೆಯುತ್ತಿದೆ.

ಆದ್ದರಿಂದ, ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕುವ ದಿನವೇ, ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತಿರುವಾಗಲೇ, ನೋಂದಣಿ ಅರ್ಜಿಗೂ ಎಲ್ಲರ ಸಹಿ ಪಡೆಯಿರಿ. ಕರ್ನಾಟಕದಲ್ಲಿ ಈ ಅರ್ಜಿ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಹೋಗುತ್ತದೆ. ಸಲಹೆಗಾರರ ಶುಲ್ಕದ ಕೊನೆಯ ಕಂತನ್ನು ಸಂಸ್ಥೆಯ ನೋಂದಣಿ ಪತ್ರ ಕೈಗೆ ಬರುವವರೆಗೆ ಕೊಡಬೇಡಿ. ಮುಂದೆ ಹೊಸ ಪಾಲುದಾರರು ಸೇರಿದರೆ ಅವರ ಹೆಸರನ್ನೂ ಆ ಕಚೇರಿಯ ಸಂಸ್ಥೆಗಳ ರಿಜಿಸ್ಟರಿನಲ್ಲಿ ಸೇರಿಸಿ, ಏಕೆಂದರೆ ದಾವೆ ಹೂಡುವವರು ಅದರಲ್ಲಿ ಪಾಲುದಾರರೆಂದು ದಾಖಲಾಗಿರಬೇಕು ಎನ್ನುವುದೂ 69ನೇ ಕಲಮಿನಲ್ಲಿಯೇ ಇದೆ.